ಟ್ಯಾಂಕರ್ ಹೋದ ದಾರಿಯಲ್ಲಿ ಸೈಕಲ್

ಬೆಳಗಿನ ಐದೂವರೆ, ಜನವರಿಯ ಚಳಿ. ಗೋಲಗುಮ್ಮಟದ ಎದುರಿನ ರಸ್ತೆಯಲ್ಲಿ ಚಹಾದ ಗಾಡಿಯವರು ಆಗಲೇ ಒಲೆ ಹೊತ್ತಿಸಿದ್ದಾರೆ. ಒಂದು ಕಟ್ ಚಹಾ ಕುಡಿಯುತ್ತ ಸೈಕಲ್ಲಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗಾಳಿ ತುಸು ಕಡಿಮೆಯೇ ಇರಲಿ. ಇವತ್ತಿನ ದಾರಿ ಬಹಳ ಹೊತ್ತು ಡಾಂಬರಿನದಲ್ಲ. ಎರಡೂ ಬಾಟಲಿ ತುಂಬಿಕೊಳ್ಳಿ. ಪಂಕ್ಚರ್ ಪ್ಯಾಚು, ಸೊಲ್ಯೂಷನ್, ಕೈಪಂಪು, ಒಂದು ಹೆಚ್ಚಿನ ಟ್ಯೂಬು ಚೀಲದಲ್ಲಿರಲಿ. ಈ ಸೀಮೆಯ ಮುಳ್ಳು ಯಾರನ್ನೂ ಬಿಟ್ಟಿಲ್ಲ.

ಈ ಗುಮ್ಮಟದಡಿ ಮಲಗಿರುವ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656ರಲ್ಲಿ. ಅದಕ್ಕೂ ಬಹಳ ಮೊದಲು, 1633ರಲ್ಲಿ, ಇಲ್ಲಿಂದ ನೈಋತ್ಯಕ್ಕೆ ಸುಮಾರು 35 ಕಿಲೋಮೀಟರ್ ದೂರದ ಮಮದಾಪುರದಲ್ಲಿ ಆತ ದೊಡ್ಡದೊಂದು ಕೆರೆ ಕಟ್ಟಿಸಿದ. ಗುಮ್ಮಟ ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ಆ ಕೆರೆಯ ಸೀಮೆಯಲ್ಲಿ ಈಗ ಒಂದು ಕಾಡು ಮೇಲೇಳುತ್ತಿದೆ. ಅಲ್ಲಿಗೇ ಹೊರಟಿದ್ದೇವೆ. ಸೀದಾ ಅಲ್ಲ, ತಿಕೋಟಾದ ಸುತ್ತು ಹಾಕಿ.

ಊರು ಇನ್ನೂ ಎದ್ದಿಲ್ಲ. ಹಳೆಯ ಕೋಟೆಗೋಡೆ ದಾಟಿ, ಇಬ್ರಾಹಿಂ ರೋಜಾದ ಮಿನಾರುಗಳನ್ನು ಬಿಟ್ಟು ಅಥಣಿ ರಸ್ತೆ ಹಿಡಿದರೆ ಮುಖಕ್ಕೆ ಬಡಿಯುವ ಗಾಳಿಯಲ್ಲಿ ಜೋಳದ ಹೊಲದ ಹಸಿ ವಾಸನೆ ಇದೆ. ಬೆನ್ನ ಹಿಂದೆ ಬೆಳಕು ಹರಿಯುವ ಹೊತ್ತಿಗೆ ತೊರವಿ. ನರಸಿಂಹನ ಗುಡಿ, ಕುಮಾರ ವಾಲ್ಮೀಕಿ ಕನ್ನಡದಲ್ಲಿ ರಾಮಾಯಣ ಹೇಳಿದ ಊರು. ಆಚೆ ಈಚೆ ಮುರಿದು ನಿಂತ ಗೋಡೆಗಳು ನವರಸಪುರದವು. ಎರಡನೇ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ಇಲ್ಲಿ ಹೊಸ ರಾಜಧಾನಿ ಎಬ್ಬಿಸಲು ಹೊರಟ. 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಅದನ್ನು ಹಾಳುಗೆಡವಿತು. ಸಂಗೀತ ಮಹಲಿನ ಕಮಾನಿನ ಮುಂದೆ ಸೈಕಲ್ ನಿಲ್ಲಿಸಿ ಒಂದು ಗುಟುಕು ನೀರು ಕುಡಿಯೋಣ. ವಿಜಯಪುರಕ್ಕೆ ಆದಿಲ್‌ಶಾಹಿ ಕಾಲದಲ್ಲಿ ನೀರು ಹರಿದದ್ದು ಈ ತೊರವಿಯಿಂದಲೂ, ನೆಲದೊಳಗೆ ಕೊರೆದ ಸುರಂಗದಲ್ಲಿ. ಈ ಜಿಲ್ಲೆಯಲ್ಲಿ ಯಾವ ಕತೆ ಹಿಡಿದು ಹೊರಟರೂ ಕೊನೆಗೆ ನೀರಿಗೇ ಬಂದು ನಿಲ್ಲುತ್ತೀರಿ.

ವಿಜಯಪುರದಲ್ಲಿ ಕಾಡೇ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಒಂದು ಕಾಲಕ್ಕೆ ಜಿಲ್ಲೆಯ ಅರಣ್ಯದ ಪ್ರಮಾಣ ಶೇ. 0.17 ಎಂದು ಲೆಕ್ಕ ಹಾಕಿದ್ದರು. ದೇಶದ 1988ರ ಅರಣ್ಯ ನೀತಿ ಬಯಸಿದ್ದು ನೆಲದ ಮೂರನೆಯ ಒಂದು ಪಾಲು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ಬಂದರೆ ಬಂತು. ಕೆಳಗೆ ಕರಿಕಲ್ಲಿನ ಹಾಸು, ಅದರ ಮೇಲೆ ಕಪ್ಪು ಎರಿ, ಕೆಂಪು ಮಸಾರಿ, ಕಲ್ಲುಮಿಶ್ರಿತ ಗರಸು. ಇಂಥ ನೆಲದಲ್ಲಿ 2016ರಲ್ಲಿ ಕೋಟಿ ವೃಕ್ಷ ಅಭಿಯಾನ ಶುರುವಾಯಿತು. ಆಗಿನ ಜಲಸಂಪನ್ಮೂಲ ಸಚಿವ ಎಂ. ಬಿ. ಪಾಟೀಲರು ಮುಂದೆ ನಿಂತರು, ಅರಣ್ಯ ಇಲಾಖೆ, ಶಾಲೆ ಮಕ್ಕಳು, ಊರ ಜನ ಕೈಜೋಡಿಸಿದರು. ನಗರದ ಅಂಚಿನ ಭೂತನಾಳ ಕೆರೆಯ ಹತ್ತಿರ ಕರಾಡದೊಡ್ಡಿಯಲ್ಲಿ ನೆಟ್ಟ ಗಿಡಗಳು ಈಗ ಆಳೆತ್ತರ ಮೀರಿವೆ. ಗಿಡಗಳಿಗಾಗಿ ಓಡುವ ‘ವೃಕ್ಷೊಥಾನ್’ ಎಂಬ ಓಟವೂ ಹುಟ್ಟಿಕೊಂಡಿತು. 2023ರ ಡಿಸೆಂಬರ್ 24ರಂದು ವಿಜಯಪುರದ ರಸ್ತೆಗಳ ತುಂಬ ಓಡುವವರೇ ಇದ್ದರು.

ತಿಕೋಟಾ ಹತ್ತಿರವಾದಂತೆ ಎರಡೂ ಬದಿಗೆ ದ್ರಾಕ್ಷಿ ಪಡಗಳು. ಗೊನೆಗಳು ಇನ್ನೂ ಹಸಿರು, ಕಣ್ಣಾಡಿಸಿದಷ್ಟು ದೂರ ತಂತಿಯ ಚಪ್ಪರ. ನಡುನಡುವೆ ಹಸಿರು ಪರದೆ ಹೊದ್ದ ಉದ್ದುದ್ದ ಶೆಡ್ಡುಗಳು ಈಗ ಖಾಲಿ ನಿಂತಿವೆ. ಹಣ್ಣು ಕೊಯ್ಲಿಗೆ ಬಂದಾಗ ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ಅಂತಸ್ತು ಅಂತಸ್ತಾದ ಬಲೆಗಳ ಮೇಲೆ ಹರವಿ ನೆರಳಲ್ಲಿ ಒಣಗಿಸುತ್ತಾರೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋದಷ್ಟು ಮಣೂಕ. ಬರ ಬಿದ್ದ ವರ್ಷಗಳಲ್ಲಿ ಇಲ್ಲಿನ ರೈತರು ಸಾಲ ಮಾಡಿ ಟ್ಯಾಂಕರ್ ನೀರು ಕೊಂಡು ಈ ಬಳ್ಳಿಗಳನ್ನು ಉಳಿಸಿಕೊಂಡಿದ್ದಾರೆ. ಟ್ಯಾಂಕರಿನ ಬೆಲೆ ತಿಕೋಟಾದವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ. ಮುಂದೆ ಕಾಡಿನೊಳಗೆ ಹೋದಾಗ ಈ ಮಾತು ನೆನಪಿಗೆ ಬರುತ್ತದೆ, ಇರಲಿ.

ಹಾಜಿಮಸ್ತಾನ್ ದರ್ಗಾ ಇರುವ ತಿಕೋಟಾ ದಾಟಿ ದಕ್ಷಿಣಕ್ಕೆ ತಿರುಗಿದರೆ ಡಾಂಬರು ಮುಗಿಯುತ್ತದೆ, ಬಂಡಿದಾರಿ ಶುರುವಾಗುತ್ತದೆ. ಇದೇ ಇವತ್ತಿನ ಅಸಲಿ ದಾರಿ. ಚಕ್ಕಡಿ ಗಾಲಿ ತಲೆಮಾರುಗಟ್ಟಲೆ ಉಜ್ಜಿ ಮಾಡಿದ ಎರಡು ಜಾಡು, ನಡುವೆ ಒಣಹುಲ್ಲಿನ ದಿಬ್ಬ. ಒಂದು ಜಾಡಿನಲ್ಲಿ ಗಾಲಿ ಕೂಡಿಸಿ, ಹ್ಯಾಂಡಲ್ ಹಿಡಿತ ಸಡಿಲ ಬಿಡಿ. ಬಿಗಿಹಿಡಿದಷ್ಟೂ ಸೈಕಲ್ ಒದ್ದಾಡುತ್ತದೆ. ಮಸಾರಿಯಲ್ಲಿ ಟೈರು ಕರಕರ ಎನ್ನುತ್ತ ಸಲೀಸಾಗಿ ಓಡುತ್ತದೆ. ಗರಸು ಬಂದಾಗ ಪೆಡಲ್ ಮೇಲೆ ಎದ್ದು ನಿಲ್ಲಬೇಕು. ಬಲಕ್ಕೆ ಬಿಳಿಜೋಳ ತೆನೆಗಟ್ಟಿ ನಿಂತಿದೆ, ಎಡಕ್ಕೆ ಕಡಲೆ, ಅಂಚಿಗೆ ಹಳದಿ ಹೂವಿನ ಕುಸುಬೆ. ಎಲ್ಲೋ ಒಂದು ಹೊಲದಲ್ಲಿ ಸೀತನಿ ಸುಡುತ್ತಿದ್ದಾರೆ. ಹೊಗೆಯ ಜಾಡು ಹಿಡಿದು ಹೋದರೆ ಕರೆದು ಕೈತುಂಬ ಕೊಡುವ ಜನ ಇವರು. ಹಾಲುಗಟ್ಟಿದ ಜೋಳದ ಬಿಸಿ ಕಾಳು, ಮೇಲೆ ಶೇಂಗಾ ಚಟ್ನಿ. ನಿಂತು ತಿನ್ನಲೇಬೇಕು.

ಮುಂದೆ ದಾರಿ ಕವಲೊಡೆಯುವಲ್ಲಿ ಕುರಿ ಹಿಂಡು. ಕಂಬಳಿ ಹೊದ್ದ ಕಾಕಾ ಕೋಲೂರಿ ನಿಂತು ಮೊದಲು ಸೈಕಲ್ಲನ್ನು, ಆಮೇಲೆ ನಮ್ಮನ್ನು ನೋಡುತ್ತಾರೆ.

“ಎಲ್ಲಿಗಿ ಹೊಂಟೀರಿ ತಮ್ಮಾ?”

“ಮಮದಾಪುರ ಕಾಡಿಗ್ರಿ ಕಾಕಾ. ಡೋಣಿ ದಾಟಾಕ ಯಾವ ದಾರಿ ಚಲೋ?”

“ಆ ಮಸಾರಿ ದಾರಿ ಹಿಡೀರಿ. ಎರಿಯಾಗ ಮಾತ್ರ ಇಳೀಬ್ಯಾಡ್ರಿ. ನಿನ್ನಿ ನೀರ ಬಿಟ್ಟಾರ, ಗಾಲಿ ಹೂತಾವ.”

ಅವರ ಮಾತು ಮೀರಿದರೆ ಏನಾಗುತ್ತದೆಂದು ಈ ಕಡೆ ಸೈಕಲ್ ತುಳಿದವರಿಗೆಲ್ಲ ಗೊತ್ತು. ನೀರು ಕುಡಿದ ಎರಿಮಣ್ಣು ಟೈರಿಗೆ ಮೆತ್ತಿ, ಫೋರ್ಕಿನ ಸಂದಿಗೆ ಸೇರಿ, ಗಾಲಿ ತಿರುಗದಂತೆ ಕಚ್ಚಿ ಹಿಡಿಯುತ್ತದೆ. ಆಮೇಲೆ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕು. ಹಾಗಾಗಿ ಮಸಾರಿ ದಾರಿಯಲ್ಲೇ ಹೋಗೋಣ.

ಇಳಿಜಾರು. ಗಾಳಿ ಕಿವಿಯಲ್ಲಿ ಹೊಯ್ಯುತ್ತದೆ. ಕೆಳಗೆ ಡೋಣಿ. ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ ಈ ಜಿಲ್ಲೆಯನ್ನು ಅಡ್ಡಡ್ಡ ಸೀಳಿಕೊಂಡು ಕೃಷ್ಣೆಗೆ ಸೇರುವ ಹೊಳೆ. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇದರ ದಂಡೆಯ ಎರಿ ಅಷ್ಟು ಕಸುವಿನದು. ಆದರೆ ನೀರು ಉಪ್ಪು. ಪಾತ್ರದಲ್ಲಿ ಹೂಳು, ಹೂಳಿನ ಮೇಲೆ ಬಳ್ಳಾರಿ ಜಾಲಿ, ಒಣಗಿದ ಅಂಚುಗಳಲ್ಲಿ ಬಿಳಿ ಸವಳು. ಸೈಕಲ್ ಎತ್ತಿಕೊಂಡು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬೇಕು. ಆಚೆ ದಂಡೆ ಹತ್ತುವಾಗಲೇ ಆ ಸದ್ದು: ಸ್ಸ್‌ಸ್. ಹಿಂದಿನ ಗಾಲಿ. ಜಾಲಿಮುಳ್ಳು, ಬೆರಳುದ್ದ. ಮುಳ್ಳನ್ನು ಕಿತ್ತರಷ್ಟೇ ಸಾಲದು. ಟೈರಿನ ಒಳಮೈಯನ್ನು ಪೂರ್ತಿ ಸವರಿ ನೋಡಿ, ನೆಗ್ಗಿಲ ಮುಳ್ಳು ಅಲ್ಲೆಲ್ಲೋ ಅಡಗಿ ಹೊಸ ಟ್ಯೂಬಿಗಾಗಿ ಕಾದಿರುತ್ತದೆ.

ಇಲ್ಲಿಂದ ಕಾಲುವೆಯ ಏರಿ. ಜಮಖಂಡಿ ತಾಲ್ಲೂಕಿನ ಕವಟಗಿಯಲ್ಲಿ ಕೃಷ್ಣೆಯ ನೀರನ್ನೆತ್ತಿ ಈ ಎತ್ತರಕ್ಕೆ ತರುವ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆ ಈ ಸೀಮೆಯ ಬಣ್ಣವನ್ನೇ ಬದಲಿಸಿದೆ. ಸೈಕಲ್ಲಿಗೆ ಇಂಥ ದಾರಿ ಮತ್ತೊಂದಿಲ್ಲ. ಗಟ್ಟಿ ಗರಸಿನ ಸಪಾಟು ಏರಿ, ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಕಬ್ಬು, ತೊಗರಿ, ಜೋಳ. ಲಾರಿಯಿಲ್ಲ, ಹಾರ್ನಿಲ್ಲ. ನೀರುಕಾಗೆಯೊಂದು ಕಾಲುವೆಯ ಕಟ್ಟೆ ಮೇಲೆ ರೆಕ್ಕೆ ಹರವಿ ಒಣಗಿಸುತ್ತಿದೆ. ಕೈಗೆ ಹಿಡಿದಿದ್ದ ಜೋಮು ಇಳಿದು, ಮೊದಲ ಬಾರಿಗೆ ಕತ್ತೆತ್ತಿ ಬಯಲು ನೋಡಬಹುದು. ಎಷ್ಟು ದೂರದವರೆಗೆ ಕಾಣುತ್ತದೆ ಈ ನೆಲ!

ಬಬಲೇಶ್ವರದಲ್ಲಿ ಚುರುಮರಿ ಸೂಸಲಾ, ಎರಡು ಮಿರ್ಚಿ, ಮತ್ತೊಂದು ಚಹಾ. 2018ರಿಂದ ತಿಕೋಟಾದಂತೆ ಇದೂ ತಾಲ್ಲೂಕು ಕೇಂದ್ರ. ರಸ್ತೆಯ ತುಂಬ ಕಚೇರಿ ಕೆಲಸಕ್ಕೆ ಬಂದವರ ಬೈಕುಗಳು. ಬಾಟಲಿ ತುಂಬಿಸಿಕೊಂಡು ಬೇಗ ಹೊರಡೋಣ, ಬಿಸಿಲು ಏರುತ್ತಿದೆ.

ಮಮದಾಪುರದ ಕಾಯ್ದಿಟ್ಟ ಅರಣ್ಯದ ಅಂಚಿನಲ್ಲಿ ವಾಚರ್ ಎದುರಾಗುತ್ತಾರೆ. ಇದು ಯಾರು ಬೇಕಾದರೂ ನುಗ್ಗುವ ಜಾಗವಲ್ಲ, ಇಲಾಖೆಯವರನ್ನು ಕೇಳಿಯೇ ಒಳಗೆ ಹೋಗಬೇಕು.

“ಗಾಡಿ ಒಳಗ ಬಿಡಂಗಿಲ್ರಿ. ಸೈಕಲ್ ಅಂದ್ರ ಹೋಗ್ರಿ. ಖರೆ, ಬೆಂಕಿಪೆಟ್ಟಿಗಿ ಇದ್ರ ಇಲ್ಲೇ ಕೊಟ್ಟ ಹೋಗ್ರಿ.”

ಜೇಬು ತಡವಿ ತೋರಿಸಿ ಮುಂದೆ ಹೋಗಿ. ಆ ಎಚ್ಚರಿಕೆ ಯಾಕೆಂದು ನೂರು ಹೆಜ್ಜೆ ಒಳಗೆ ಹೋದರೆ ತಿಳಿಯುತ್ತದೆ. ಮೊಣಕಾಲೆತ್ತರದ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿದೆ. ಒಂದು ಕಿಡಿ ಸಾಕು. ಹುಲ್ಲಿನ ನಡುವೆ ಬೇವು, ಹೊಂಗೆ, ಬನ್ನಿ, ಹುಣಸೆ, ಬಿದಿರು, ಸೀತಾಫಲ. ಮಲೆನಾಡಿನ ಕತ್ತಲುಗಟ್ಟಿದ ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಇದು ಕಾಡೆನಿಸದೇ ಇರಬಹುದು. ಆಕಾಶ ಪೂರ್ತಿ ಕಾಣುತ್ತದೆ, ನೆರಳು ತುಂಡುತುಂಡಾಗಿ ಬಿದ್ದಿದೆ. ಆದರೆ ಸುಮಾರು 1,500 ಎಕರೆಯ ಈ ಹರವಿನಲ್ಲಿ ನಿಂತು ಮೂಸಿ ನೋಡಿ. ಬೇವಿನೆಲೆಯ ಕಹಿಗಂಧ, ಜಾಲಿಹೂವಿನ ಸಣ್ಣ ಸಿಹಿ, ಬಿಸಿ ಮಣ್ಣು. ಕಾಲಬುಡದಿಂದಲೇ ಕವುಜುಗವೊಂದು ಬುರ್ರನೆ ಎದ್ದು ಎದೆ ಝಲ್ಲೆನಿಸುತ್ತದೆ. ದೂರದಲ್ಲಿ ನವಿಲಿನ ಕೂಗು. ಬಾರಿ ಕಂಟಿಯ ಕೆಳಗೆ ಮೊಲದ ಹಿಕ್ಕೆ.

ಈಗ ದಾರಿಯನ್ನು ನೋಡಿ. ಗಿಡಗಳ ಸಾಲಿನ ನಡುವೆ ಎರಡು ಜಾಡು, ನಾಲ್ಕು ಬೆರಳು ಆಳ. ಯಾರೂ ಸೈಕಲ್ಲಿಗೆಂದು ಮಾಡಿದ್ದಲ್ಲ. ಗಿಡ ನೆಟ್ಟ ಮೇಲಿನ ಬೇಸಿಗೆಗಳಲ್ಲಿ ನೀರಿನ ಟ್ಯಾಂಕರುಗಳು ಓಡಾಡಿ ಮಾಡಿದ ದಾರಿ ಇದು. ಪಕ್ಕದಲ್ಲಿ ಇಳಿಜಾರಿಗೆ ಅಡ್ಡಲಾಗಿ ತೋಡಿದ ಕಂದಕಗಳು, ಬಿದ್ದ ಮಳೆ ಓಡಿಹೋಗದೆ ಬೇರಿಗೆ ಇಳಿಯಲೆಂದು. ಪ್ರತಿ ಗಿಡದ ಬುಡದಲ್ಲಿ ಬಟ್ಟಲಿನಂಥ ಮಡಿ. ಇಲ್ಲಿ ಒಂದೊಂದು ಮರಕ್ಕೂ ಯಾರೋ ಪೈಪು ಹಿಡಿದು ನೀರು ಹಾಕಿದ್ದಾರೆ, ಎಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ನಿಂತು. ದ್ರಾಕ್ಷಿ ಪಡ ಉಳಿಸಿಕೊಂಡ ಜನರ ನೆಲದಲ್ಲಿ ಕಾಡನ್ನೂ ಹಾಗೆಯೇ ಉಳಿಸಿದ್ದಾರೆ. ಅದಕ್ಕೇ ಈ ಜಾಡಿನಿಂದ ಒಂದು ಗೇಣೂ ಆಚೆ ಗಾಲಿ ಇಳಿಸಬೇಡಿ.

ಜಾಡು ಏರುತ್ತದೆ, ಇಳಿಯುತ್ತದೆ, ಬೆಂಕಿ ತಡೆಯಲು ಹುಲ್ಲು ಹೆರೆದ ಬೋಳು ಪಟ್ಟಿಯೊಂದನ್ನು ದಾಟಿ ಮತ್ತೆ ಹುಲ್ಲಿನೊಳಗೆ ನುಗ್ಗುತ್ತದೆ. ಬೆವರು ಕಣ್ಣಿಗೆ ಇಳಿಯುತ್ತದೆ. ಸಡಿಲ ಕಲ್ಲಿನ ತಿರುವಿನಲ್ಲಿ ಬ್ರೇಕನ್ನು ಮೆಲ್ಲಗೆ, ಹಿಂದಿನದನ್ನು ಮೊದಲು. ಈ ಅರಣ್ಯಕ್ಕೆ ಸಿದ್ಧೇಶ್ವರ ಸ್ವಾಮೀಜಿಯವರ ಹೆಸರಿಟ್ಟಿದ್ದಾರೆ. ಅವರು ಹುಟ್ಟಿದ್ದು ಬೆಳಿಗ್ಗೆ ದಾಟಿ ಬಂದ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ, ದೇಹ ಬಿಟ್ಟದ್ದು 2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ. ಗುಡಿ, ಸ್ಮಾರಕ ಕಟ್ಟಬೇಡಿ ಎಂದು ಬರೆದಿಟ್ಟು ಹೋದವರು. ಗಿಡಗಳಿಗೆ ಅವರ ಹೆಸರು ಬಂದದ್ದು ಸರಿಯಾಯಿತು ಎಂದೇ ನನ್ನ ಭಾವನೆ.

ಕೆರೆ. ಮೂರು ಶತಮಾನ ದಾಟಿದ ಒಡ್ಡು, ಅದರಾಚೆ ನೀರು. ಒಡ್ಡಿನ ಕಲ್ಲಿಗೆ ಸೈಕಲ್ ಒರಗಿಸಿ, ಬೂಟು ಬಿಚ್ಚಿ, ಕಾಲು ನೀರಿಗಿಳಿಬಿಡಿ. ಬೆಳ್ಳಕ್ಕಿಗಳು ದಂಡೆಯುದ್ದಕ್ಕೂ ಚೆದುರಿವೆ, ಎಮ್ಮೆಗಳು ಕುತ್ತಿಗೆವರೆಗೆ ಮುಳುಗಿವೆ. ಬುತ್ತಿ ಬಿಚ್ಚೋಣ: ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಬಿಸಿಲು ಇಳಿಯುವವರೆಗೆ ಇಲ್ಲೇ.

ಹಿಂದಿರುಗುವುದು ಜಮಖಂಡಿ-ವಿಜಯಪುರ ಹೆದ್ದಾರಿಯಲ್ಲಿ, ಸಾರವಾಡದ ಮೇಲೆ. ಸಂಜೆಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು, ಒಂದರ ಹಿಂದೆ ಎರಡೆರಡು ಟ್ರೇಲರ್. ಅವುಗಳ ಬದಿಯಲ್ಲಿ, ಬಿಳಿ ಪಟ್ಟಿಯ ಮೇಲೆ, ಹುಡುಗ ಹುಡುಗಿಯರ ಸಾಲೊಂದು ನಮ್ಮನ್ನು ಸರ್ರನೆ ದಾಟಿ ಹೋಗುತ್ತದೆ. ಬೆನ್ನು ಬಾಗಿಸಿ, ಒಬ್ಬರ ಹಿಂದೊಬ್ಬರು ಅಂಟಿಕೊಂಡು, ಸಣ್ಣ ಟೈರಿನ ರೇಸ್ ಸೈಕಲ್ಲುಗಳ ಮೇಲೆ. ದೇಶದ ರಸ್ತೆ ಸೈಕ್ಲಿಂಗಿನಲ್ಲಿ ವಿಜಯಪುರ-ಬಾಗಲಕೋಟೆಯ ಮಕ್ಕಳ ಹೆಸರು ದೊಡ್ಡದು. ಬಡ ರೈತರ, ಕೂಲಿಕಾರರ ಮನೆಯ ಮಕ್ಕಳೇ ಹೆಚ್ಚು. ಅವರಿಗಾಗಿ ಭೂತನಾಳದಲ್ಲಿ ವೆಲೋಡ್ರೋಮ್ ಕಟ್ಟಲು ಹೊರಟದ್ದು ಒಳ್ಳೆಯದೇ. ಆದರೆ ದಿನನಿತ್ಯದ ತಾಲೀಮು ಇದೇ ಲಾರಿಗಳ ನಡುವೆ, ಪ್ರಾಣ ಕೈಯಲ್ಲಿ ಹಿಡಿದು.

ಲಾರಿಯಿಲ್ಲದ ದಾರಿ ಬೇಕೆಂದರೆ, ಬೆಳಿಗ್ಗೆಯಿಂದ ನಾವು ತುಳಿದು ಬಂದ ದಾರಿಗಳು ಆಗಲೇ ಅಲ್ಲಿವೆ. ಅವಕ್ಕೆ ಡಾಂಬರು ಬೇಡ, ಕಾಂಕ್ರೀಟು ಬೇಡ. ಕಾಲುವೆಯ ಏರಿಯ ಮೇಲೆ ಬೈಕು-ಕಾರು ನುಗ್ಗದಂತೆ ಅಲ್ಲಲ್ಲಿ ಎರಡು ಕಲ್ಲುಗಂಬ ನೆಟ್ಟು, ಕುಣಿಬಿದ್ದ ಕಡೆ ಒಂದು ಬುಟ್ಟಿ ಗರಸು ಹಾಕಿದರೆ ಎಳೆಯ ಮಕ್ಕಳು ಅಲ್ಲೇ ತುಳಿಯುವುದನ್ನು ಕಲಿತಾರು. ಬಬಲೇಶ್ವರದಿಂದ ಮಮದಾಪುರದ ಕಾಡಿನವರೆಗಿನ ಬಂಡಿದಾರಿಗೆ ದಿಕ್ಕು ತೋರುವ ನಾಲ್ಕು ಕಲ್ಲು, ಕಾಡಿನೊಳಗೆ ಟ್ಯಾಂಕರ್ ಜಾಡಿನಲ್ಲಿ ಮಾತ್ರ ಸೈಕಲ್ ಎಂಬ ಒಂದು ಫಲಕ. ನೀರಾವರಿ ನಿಗಮ, ಅರಣ್ಯ ಇಲಾಖೆ, ಎರಡು ತಾಲ್ಲೂಕಿನ ಪಂಚಾಯಿತಿಗಳು ಒಂದು ದಿನ ಕೂತು ಮಾತಾಡಿದರೆ ಆಗುವ ಕೆಲಸ. ಮುಂದಿನ ಮಳೆಗಾಲಕ್ಕೆ ಮೊದಲು ಶುರುಮಾಡಲು ಅಡ್ಡಿ ಏನೂ ಕಾಣುವುದಿಲ್ಲ.