ಕಟ್ಟಿಗೆ ಮನೆ

ಹೋದ ವರ್ಷದ ಆಷಾಢದಲ್ಲಿ ನಮ್ಮ ಹಿತ್ತಲಿನ ಕಟ್ಟಿಗೆ ಮನೆ ಬಿತ್ತು. ಅಮ್ಮ ಫೋನಿನಲ್ಲಿ ಮೊದಲು ಮಳೆಯ ವಿಷಯ ಹೇಳಿದಳು, ಆಮೇಲೆ ತೋಟದ ಕೊಳೆಯ ವಿಷಯ ಹೇಳಿದಳು, ಫೋನಿಡುವ ಹೊತ್ತಿಗೆ, “ಹಾಂ, ಕಟ್ಟಿಗೆ ಮನೆ ಕೂತ್ಕಂಡಿದೆ” ಎಂದಳು. ಅವಳ ಮಾತಿನಲ್ಲಿ ಮಣ್ಣಿನ ಗೋಡೆ ಬೀಳುವುದಿಲ್ಲ, ಕೂತುಕೊಳ್ಳುತ್ತದೆ.

ಬಯಲುಸೀಮೆಯ ಗೆಳೆಯರು ಕಟ್ಟಿಗೆ ಮನೆಯೆಂದರೆ ಮರದ ಮನೆ ಎಂದುಕೊಳ್ಳುತ್ತಾರೆ. ಅಲ್ಲ, ಅದು ಸೌದೆ ಇಡುವ ಜಾಗ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಒಳಗೆಲ್ಲೋ ಇರುವ ನಮ್ಮ ಮನೆಯಂಥ ಮನೆಗಳಲ್ಲಿ ನಾಲ್ಕು ತಿಂಗಳ ಮಳೆಗಾಲಕ್ಕೆ ಬೇಕಾಗುವ ಒಣ ಕಟ್ಟಿಗೆ, ಅಡಿಕೆ ಸಿಪ್ಪೆ, ತೆಂಗಿನ ಗರಿ ಎಲ್ಲ ಅಲ್ಲಿಗೇ ಹೋಗುತ್ತದೆ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಯಿತು. ಬಚ್ಚಲೊಲೆ ಮಾತ್ರ ಇನ್ನೂ ಕಟ್ಟಿಗೆಯನ್ನೇ ಕೇಳುತ್ತದೆ. ಹಂಡೆಯ ಬಿಸಿನೀರು ಬಿಟ್ಟು ಬೇರೆ ನೀರಲ್ಲಿ ಮಿಂದರೆ ಮಿಂದ ಹಾಗೇ ಅಲ್ಲ ಎನ್ನುವುದು ಅಮ್ಮನ ಸಿದ್ಧಾಂತ.

ಸುದ್ದಿ ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು. ಇದನ್ನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಅಪ್ಪಯ್ಯ ಹೋಗಿ ಮೂರು ವರ್ಷವಾಗಿತ್ತು. ಬೆಂಗಳೂರಿಗೆ ಬಾ ಎಂದು ನಾನು ಕರೆಯುವುದು, ಅಡಿಕೆ ಕೊಯ್ಲು ಮುಗೀಲಿ, ಮಿಡಿ ಉಪ್ಪಿನಕಾಯಿ ಹಾಕಿ ಆಗಲಿ ಎಂದು ಅವಳು ಮುಂದೂಡುವುದು ನಡೆದೇ ಇತ್ತು. ಈಗ ಕಟ್ಟಿಗೆಯೆಲ್ಲ ನೆನೆದಿದೆ, ಒಲೆ ಹೊತ್ತುವುದಿಲ್ಲ, ಇನ್ನು ಬಂದೇ ಬರುತ್ತಾಳೆ ಎಂದುಕೊಂಡೆ. ಬಂದಳು ಕೂಡ. ಹದಿನೆಂಟು ದಿನ ಇದ್ದಳು. ಗೀಸರಿನ ನೀರಿಗೆ ಒಂದು ದಿನವೂ ಹೆಸರಿಡಲಿಲ್ಲ. ಅವಳು ದೂರದಿದ್ದಾಗ ನಾನು ಹೆದರಬೇಕಿತ್ತು. ಹೊರಡುವ ದಿನ ಚೀಲದ ಜಿಪ್ ಎಳೆಯುತ್ತಾ, “ಮಳೆ ಬಿಟ್ಟ ಮೇಲೆ ಹಿಂದುಗಡೆ ಒಂದು ಶೆಡ್ ಹಾಕ್ಸಿಕೊಡು ಮಾರಾಯ್ತಿ” ಎಂದಳು. ಕಟ್ಟಿಗೆ ಮನೆ ಎನ್ನಲಿಲ್ಲ, ಶೆಡ್ ಎಂದಳು. ಆಗಲೇ ಊರಲ್ಲಿ ಯಾರನ್ನೋ ವಿಚಾರಿಸಿಯಾಗಿತ್ತು ಎಂದು ಅದರಿಂದಲೇ ಗೊತ್ತಾಯಿತು.

ಬೇಡವೆನ್ನಲು ಆಗಲಿಲ್ಲ. ಬೇಡವೆಂದರೆ ಅವಳು ತೆಂಗಿನ ಗರಿ ಹೊದೆಸಿಯಾದರೂ ಒಂದು ಮಾಡಿಕೊಳ್ಳುತ್ತಿದ್ದಳು.

ಕೊಳ್ಳುವ ವಿಷಯ ಬಂದರೆ ನಾನು ಪಟ್ಟಣದವಳು, ಮೊದಲು ಫೋನಿನಲ್ಲಿ ಹುಡುಕಿದೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ತನ್ನ ಹಿತ್ತಲಿನ ಶೆಡ್ಡಿನ ಫೋಟೋ ಕಳಿಸಿದ. ಗಟ್ಟಿ ಪ್ಲಾಸ್ಟಿಕ್ಕಿನದು, ಪೆಟ್ಟಿಗೆಯಲ್ಲಿ ಬಂತಂತೆ, ಎರಡು ದಿನದಲ್ಲಿ ಅವನೇ ಜೋಡಿಸಿದನಂತೆ. ಒಳಗೆ ಹುಲ್ಲು ಕತ್ತರಿಸುವ ಯಂತ್ರ, ಹಿಮ ತಳ್ಳುವ ಸಲಿಕೆ. ಅಂಥದ್ದೇ ಇಲ್ಲಿಯೂ ಸಿಗುತ್ತದೆ, ಆದರೆ ನಮ್ಮ ಮನೆಯ ಮೋರಿ ದಾಟಿ ಲಾರಿ ಬರುವುದಿಲ್ಲ. ಹಸಿ ಕಟ್ಟಿಗೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ತುಂಬಿದರೆ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಆ ಆಸೆ ಅಲ್ಲಿಗೇ ಬಿಟ್ಟೆ.

ನನ್ನ ಮನಸ್ಸು ಹಂಚಿನ ಕಡೆಗಿತ್ತು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ಘಟ್ಟದ ಮೇಲೂ ಕೆಳಗೂ ಎಷ್ಟು ಮನೆಗಳ ಮಾಡು ಕೆಂಪಾಯಿತೋ. ಬಿದ್ದ ಕಟ್ಟಿಗೆ ಮನೆಯ ಅರ್ಧಕ್ಕೂ ಮಂಗಳೂರು ಹಂಚೇ ಇತ್ತು. ಕೆಳಗೆ ತಂಪು, ಒಂದು ಒಡೆದರೆ ಒಂದನ್ನೇ ಬದಲಿಸಬಹುದು, ನೋಡುವುದಕ್ಕೂ ಚಂದ. ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದಳು: “ಮಂಗ.” ಮಂಗಗಳ ಹಿಂಡು ಒಂದು ಸಲ ಮಾಡಿನ ಮೇಲೆ ಓಡಿದರೆ ಹತ್ತು ಹಂಚು ಸರಿಯುತ್ತವೆ. ಮೇಲೆ ಹತ್ತಿ ಸರಿಮಾಡುತ್ತಿದ್ದವರು ಅಪ್ಪಯ್ಯ. ಈಗ ಹತ್ತುವವರು ಯಾರು? ಮರದ ಪಕಾಸಿಗೆ, ರೀಪಿಗೆ ಒರಲೆಯ ಕಾಟ ಬೇರೆ.

ಹಳೆಯ ಮಾಡಿನ ಇನ್ನರ್ಧಕ್ಕೆ ಸಿಮೆಂಟ್ ಶೀಟು ಇತ್ತು, ಎಂದರೆ ಆಸ್ಬೆಸ್ಟಾಸ್. ಅದು ಈಗಲೂ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಎಲ್ಲ ಬಗೆಯ ಆಸ್ಬೆಸ್ಟಾಸ್ ಕೂಡ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಹಲವು ದೇಶಗಳು ನಿಷೇಧಿಸಿವೆ. ಕತ್ತರಿಸುವಾಗ, ಒಡೆಯುವಾಗ ಏಳುವ ಧೂಳೇ ಅದರ ದೊಡ್ಡ ಅಪಾಯ. ಇದನ್ನೆಲ್ಲ ಹೇಳಿದರೆ ಅಮ್ಮ, “ಮೂವತ್ತು ವರ್ಷ ಅದರ ಬುಡದಲ್ಲೇ ಓಡಾಡಿದೀನಿ” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಚೂರುಗಳನ್ನು ನೀರು ಹಾಕಿ ನೆನೆಸಿಯೇ ಎತ್ತಬೇಕು, ಗುಡಿಸಬಾರದು ಎಂದಷ್ಟೇ ಹಟ ಹಿಡಿದೆ.

ಉಳಿದದ್ದು ತಗಡು. ಪೇಟೆಯ ವೆಲ್ಡಿಂಗ್ ಶಾಪಿನ ಹುಡುಗ ಟೇಪು ಹಿಡಿದು ಬಂದ. ಅವನು ಹಿತ್ತಲನ್ನು ನೋಡಿದ ರೀತಿಯೇ ಬೇರೆ. ಮಳೆ ಹೊಡೆಯುವುದು ಪಡುವಣದಿಂದ, ಹಾಗಾಗಿ ಬಾಗಿಲು ಮೂಡಣಕ್ಕೆ. ಮುಂದೆ ಎಂಟಡಿ, ಹಿಂದೆ ಆರೂವರೆ ಅಡಿ ಎತ್ತರ ಕೊಟ್ಟರೆ ನೀರು ನಿಲ್ಲದೆ ಓಡುತ್ತದೆ. ಅಗಲ 10 ಅಡಿ ಇಟ್ಟರೆ 12 ಅಡಿಯ ಶೀಟು ಕತ್ತರಿಸದೆ ಕೂರುತ್ತದೆ, ಎರಡೂ ಕಡೆ ಸೇರಿ ಹತ್ತಿರ ಹತ್ತಿರ ಎರಡಡಿ ಚಾಚು ಸಿಗುತ್ತದೆ. ಗೋಡೆಗೆ ಪೂರ್ತಿ ಶೀಟು ಬೇಡ, ಮೇಲಿನ ಒಂದಡಿ ಜಾಲರಿ ಬಿಡೋಣ, ಕಟ್ಟಿಗೆಗೆ ಗಾಳಿ ಬೇಕು. ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಹೊಡೆಯಬೇಕು, ತಗ್ಗಿನಲ್ಲಿ ಹೊಡೆದರೆ ನೀರು ಅಲ್ಲೇ ಹರಿದು ಸೋರುತ್ತದೆ. ಹೀಗೆ ಹೇಳುತ್ತಾ ಹೋದ. ನಾನು ಫೋನಿನಲ್ಲಿ ಹದಿನೈದು ದಿನ ಓದಿದ್ದಕ್ಕಿಂತ ಹೆಚ್ಚು ಅವನ ಅರ್ಧ ಗಂಟೆಯಲ್ಲಿತ್ತು.

ಮೂಲೆಯಲ್ಲಿ ಅಪ್ಪಯ್ಯನ ಹಳೆ ತಗಡಿನ ಡಬ್ಬಿ ಸಿಕ್ಕಿತು. ತಳವೇ ಇರಲಿಲ್ಲ. “ಮೈಲುತುತ್ತ ಇಟ್ಟಿದ್ರಾ ಅಕ್ಕ? ಅದು ಕಬ್ಬಿಣ ತಿಂದುಬಿಡ್ತದೆ” ಎಂದ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೆರೆಸಿದ ಮೇಲೆ ಅಪ್ಪಯ್ಯ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನನ್ನ ಮುಖದ ಮುಂದೆ ಹಿಡಿಯುತ್ತಿದ್ದರು. ಅಲಗು ಕೆಂಪಾಗಿದ್ದರೆ ತಾಮ್ರ ಕೂತಿದೆ, ಸುಣ್ಣ ಸಾಲದು. ಬೆಳ್ಳಗೇ ಇದ್ದರೆ ಹೊಡೆಯಬಹುದು. ಪಿಯುಸಿಯಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಇದೇ ಪ್ರಯೋಗ ಮಾಡಿಸಿದಾಗ ನಾನೊಬ್ಬಳೇ ನಕ್ಕಿದ್ದೆ. ಆ ಡಬ್ಬಿಯನ್ನು ಇಟ್ಟುಕೊಳ್ಳೋಣ ಎಂದೆ. “ತಳ ಇಲ್ಲದ್ದು ಎಂತಕ್ಕೆ?” ಎಂದು ಅಮ್ಮ ಗುಜರಿ ರಾಶಿಗೆ ಎಸೆದಳು. ಅವರ ಹಾಳೆಟೋಪಿ ಮಾತ್ರ ಆ ರಾಶಿಗೆ ಹೋಗಲಿಲ್ಲ. ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ.

ಕೊನೆಗೆ ಶೀಟಿನ ದಪ್ಪದ ಮಾತು ಬಂತು. 0.35 ಮಿಲಿಮೀಟರಿನದು ಅಗ್ಗ, 0.50ರದು ಜಾಸ್ತಿ. ಹುಡುಗ ಕೇಳಿದ: “ಎಷ್ಟು ವರ್ಷ ಬರಬೇಕು ಅಕ್ಕ ನಿಮಗೆ?”

ನಾನು ಬಾಯಿ ತೆರೆಯುವ ಮೊದಲೇ ಅಮ್ಮ, “ನಾನಿರೋಷ್ಟು ದಿನ ಬಂದ್ರೆ ಸಾಕಪ್ಪ, ತೆಳ್ಳಗಿನದೇ ಹಾಕು” ಎಂದಳು. ಎಲೆಯಡಿಕೆ ಜಗಿಯುತ್ತಾ, ಕಾಫಿಗೆ ಸಕ್ಕರೆ ಎಷ್ಟು ಎನ್ನುವವರ ಹಾಗೆ ಹೇಳಿದ ಮಾತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. “0.50ರದೇ ಹಾಕಿ” ಎಂದೆ. ಸ್ವಲ್ಪ ಜೋರಾಗಿಯೇ ಹೇಳಿರಬೇಕು, ಹುಡುಗ ಒಮ್ಮೆ ಅಮ್ಮನ ಮುಖ ನೋಡಿದ. ಪೈಪು, ಶೀಟು, ಕೂಲಿ ಎಲ್ಲ ಸೇರಿ 42,000 ರೂಪಾಯಿ ಆಯಿತು. ಅಮ್ಮ ಈಗಲೂ ಬಂದವರಿಗೆಲ್ಲ, “ಅವಳಿಗೆ ದುಡ್ಡು ಹೆಚ್ಚಾಗಿದೆ” ಎನ್ನುತ್ತಾಳೆ.

ಮೂರು ದಿನದಲ್ಲಿ ಶೆಡ್ಡು ಎದ್ದಿತು. ನೀಲಿ ಬಣ್ಣ, ನೋಡಲು ಚಂದವಿಲ್ಲ. ಅಮ್ಮ ಸಾಲಾಗಿ ಕಲ್ಲಿಟ್ಟು ಅದರ ಮೇಲೆ ಕಟ್ಟಿಗೆ ಜೋಡಿಸಿದಳು, ಒರಲೆ ಹತ್ತದ ಹಾಗೆ. ನಾನು ಎತ್ತಿಕೊಟ್ಟೆ. ಬೆಂಗಳೂರಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈ ಸಲ ಮಳೆ ಹಿಡಿದ ಮೊದಲ ವಾರ ಫೋನು ಮಾಡಿದಳು. ತಗಡಿನ ಸದ್ದಿಗೆ ಅವಳ ಮಾತೇ ಕೇಳುತ್ತಿರಲಿಲ್ಲ. ಮಳೆಯಲ್ಲಿ ಶೆಡ್ಡಿನೊಳಗೇ ಯಾಕೆ ನಿಂತಿದ್ದೀಯೆ ಎಂದು ಕೂಗಿದೆ. ಸೋರುತ್ತದೋ ಇಲ್ಲವೋ ನೋಡಲು ಬಂದದ್ದಂತೆ. ಕಟ್ಟಿಗೆ ಬೆಚ್ಚಗಿದೆ, ಬಾಗಿಲ ಪಕ್ಕದ ಎರಡನೇ ಸ್ಕ್ರೂ ಹತ್ತಿರ ಮಾತ್ರ ಒಂದೊಂದೇ ಹನಿ ಬೀಳ್ತಿದೆ, ಬರುವಾಗ ಅದರ ರಬ್ಬರ್ ವಾಷರ್ ತಗೊಂಡು ಬಾ ಎಂದಳು. ಒಂದು ಸಾಕಾ ಎಂದೆ.

“ಒಂದು ಡಜನ್ನೇ ತಾ. ಮುಂದಕ್ಕೂ ಬೇಕಾಗ್ತದೆ.”