ಕಂಬದ ಮೇಲಣ ಗೆರೆ

ಕೊಪ್ಪದ ಸೀಮೆಯ ಕಮ್ಮರಡಿಯಲ್ಲಿ ಆಷಾಢದ ಮಳೆ ಹಿಡಿದಿತೆಂದರೆ ತೋಟದ ಕೆಲಸಕ್ಕೂ ತಡೆ, ಕೂಲಿಗೂ ತಡೆ. ಅಂತಹ ಒಂದು ಬೆಳಗಿನಲ್ಲಿ ಅಜ್ಜಿಯೊಬ್ಬಳು ಕಂಬಳಿಕೊಪ್ಪೆಯೊಳಗೆ ಎರಡು ವರ್ಷದ ಮೊಮ್ಮಗಳನ್ನು ಅವಚಿಕೊಂಡು ಅಂಗನವಾಡಿಗೆ ಬಂದಳು. ಟೀಚರು ಮಗುವನ್ನು ತೂಗಿದರು, ಅಳೆದರು. ಪುಸ್ತಕದಲ್ಲಿ ತೂಕದ ಗೆರೆಯು ಮೂರು ತಿಂಗಳಿಂದ ಏರದೆ ಮಲಗಿತ್ತು. ಎತ್ತರವೂ ಪ್ರಾಯಕ್ಕೆ ಸಾಲದು.

“ನಮ್ಮ ಮನೆಯವರೆಲ್ಲ ಗಿಡ್ಡವೇ ಟೀಚರೇ. ಇವಳ ಅಪ್ಪನೂ ಹೀಗೆಯೇ ಇದ್ದ. ಮನೆಯ ಕಂಬದ ಮೇಲೆ ಅವನ ಗೆರೆ ಇನ್ನೂ ಇದೆ.”

“ಅವನಿಗೆ ಆಗ ಹೊಟ್ಟೆತುಂಬ ಉಣ್ಣಲು ಇತ್ತೇ ಅಜ್ಜೀ?”

ಅಜ್ಜಿ ಉತ್ತರ ಕೊಡಲಿಲ್ಲ.

ಗಿಡ್ಡತನವನ್ನು ವಂಶದ ಗುಣವೆಂದು ತಳ್ಳಿಬಿಡುವುದು ನಮ್ಮಲ್ಲಿ ರೂಢಿ. ಆದರೆ ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಆರು ದೇಶಗಳ ಮಕ್ಕಳನ್ನು ಅಳೆದು 2006ರಲ್ಲಿ ಪ್ರಕಟಿಸಿದ ಮಾನದಂಡವು ಬೇರೆಯದನ್ನೇ ಹೇಳುತ್ತದೆ: ಒಳ್ಳೆಯ ಆಹಾರವೂ ಆರೈಕೆಯೂ ದೊರೆತಲ್ಲಿ, ಐದು ವರ್ಷದೊಳಗಿನ ಮಕ್ಕಳು ಯಾವ ನಾಡಿನವರಾದರೂ ಹೆಚ್ಚುಕಡಿಮೆ ಒಂದೇ ಸಮನಾಗಿ ಬೆಳೆಯುತ್ತಾರೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದರೊಳಗಿನ ಮಕ್ಕಳ ಪೈಕಿ ಪ್ರಾಯಕ್ಕೆ ತಕ್ಕ ಎತ್ತರವಿಲ್ಲದವರು 2005-06ರಲ್ಲಿ ನೂರಕ್ಕೆ ಸುಮಾರು 44 ಮಂದಿ, 2015-16ರಲ್ಲಿ 36, 2019-20ರಲ್ಲಿ 35. ಮೊದಲ ಹತ್ತು ವರ್ಷಗಳಲ್ಲಿ ಚೆನ್ನಾಗಿ ಇಳಿದ ಸಂಖ್ಯೆಯು ಆ ಬಳಿಕ ಬಹುಮಟ್ಟಿಗೆ ನಿಂತುಬಿಟ್ಟಿತು. 1975ರಲ್ಲಿ ಅಂಗನವಾಡಿ ಯೋಜನೆ ಮೊದಲಾಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು, 2017ರಲ್ಲಿ ಗರ್ಭಿಣಿ ಬಾಣಂತಿಯರಿಗೆ ಮಾತೃಪೂರ್ಣದ ಊಟ ಬಂದವು. ಆದರೂ ಕೊರತೆಯು ಉಳಿದಿದೆಯೆಂದರೆ, ಅದರ ಬೇರು ಬಹಳ ಮೊದಲೇ ಇಳಿದಿರುತ್ತದೆ. ತಾಯಿಯ ರಕ್ತಹೀನತೆ, ಆರು ತಿಂಗಳ ಮೇಲೆ ಕೊಡುವ ಆಹಾರದ ಅಭಾವ, ಮಳೆಗಾಲದ ಭೇದಿ ಜ್ವರಗಳು, ಇವೆಲ್ಲ ಗರ್ಭದಿಂದ ಎರಡನೆಯ ವರ್ಷದವರೆಗಿನ ಕಾಲದಲ್ಲಿಯೇ ಬೆಳವಣಿಗೆಯನ್ನು ಕುಗ್ಗಿಸುತ್ತವೆ. ಆಗ ಕಳೆದುಹೋದುದನ್ನು ಮುಂದೆ ತುಂಬುವುದು ಕಷ್ಟ.

“ಗಂಜಿ ಕುಡಿಸುತ್ತೇವಲ್ಲ” ಎಂದಳು ಅಜ್ಜಿ ಕೊನೆಗೆ.

“ತಿಳಿ ಹೆಚ್ಚಾಯಿತು ಅಜ್ಜೀ. ಮಗುವಿನ ಹೊಟ್ಟೆ ಸಣ್ಣದು, ನೀರಿನಿಂದಲೇ ತುಂಬುತ್ತದೆ. ಅನ್ನವನ್ನು ಬೇಳೆಯೊಡನೆ ಮಿದ್ದು, ಒಂದು ಚಮಚ ಎಣ್ಣೆಯನ್ನೋ ತುಪ್ಪವನ್ನೋ ಹಾಕಿ, ದಿನಕ್ಕೆ ನಾಲ್ಕೈದು ಸಲ ಕೊಡಿ. ಮೊಟ್ಟೆ ತಿನ್ನುವುದಾದರೆ ಅದನ್ನೂ ಕೊಡಿ.”

ಆ ರಾತ್ರಿ ಅಜ್ಜಿಯು ದೊಡ್ಡವರಿಗೆ ಬಡಿಸುವ ಮುನ್ನ ಮೊಮ್ಮಗಳ ಪಾಲನ್ನು ಬೇರೆ ತೆಗೆದಿಟ್ಟಳು. ಬಳಿಕ ಮಗುವನ್ನು ಕಂಬಕ್ಕೊರಗಿಸಿ ಇದ್ದಿಲಿನಿಂದ ಗೆರೆಯೆಳೆದಳು. ಅದು ತಂದೆಯ ಗೆರೆಯ ಪಕ್ಕದಲ್ಲಿಯೇ ಬಿದ್ದಿತು. ಅವಳು ಬಹಳ ಹೊತ್ತು ಅವೆರಡನ್ನೂ ನೋಡುತ್ತ ನಿಂತಿದ್ದಳು.