ಕಡಮತ್ ದ್ವೀಪದ ಹವಳದ ತೋಟ

ಹವಳ ಅಂದರೆ ನಮಗೆ ಹೆಂಗಸರಿಗೆ ಮೊದಲು ನೆನಪಾಗುವುದು ಕುತ್ತಿಗೆಯ ಸರ. ಆ ಕೆಂಪು ಹವಳ ಹೆಚ್ಚಾಗಿ ಬರುವುದು ದೂರದ ಮೆಡಿಟರೇನಿಯನ್ ಸಮುದ್ರದಿಂದ. ಲಕ್ಷದ್ವೀಪದ ಕಡಮತ್‌ನಲ್ಲಿ ನಾನು ನೋಡಿದ್ದು ದ್ವೀಪವನ್ನೇ ಕಟ್ಟಿದ ಹವಳ!

ಕೊಚ್ಚಿಯಿಂದ ಇಡೀ ರಾತ್ರಿ ಹಡಗಿನ ಪ್ರಯಾಣ. ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ ಮಾತ್ರ. ಕಡಮತ್, ಅಮಿನಿ ಮುಂತಾದವು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ತೆಂಗಿನ ಹುರಿ ಮಂಗಳೂರಿಗೆ ಬರುತ್ತಿತ್ತು, ಇಲ್ಲಿಯ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಇದನ್ನು ಕೇಳಿದ ಮೇಲೆ ನನಗಂತೂ ನೆಂಟರ ಮನೆಗೆ ಬಂದ ಹಾಗಾಯಿತು.

ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ, ಬಾಯಲ್ಲಿ ಕಚ್ಚಿಕೊಳ್ಳುವ ಕೊಳವೆ, ಮೈಗೆ ತೇಲಿಸುವ ಜಾಕೀಟು, ಇಷ್ಟೇ ಸ್ನಾರ್ಕ್ಲಿಂಗ್. ಈಜು ಬಾರದ ನಾನು ಚೂಡಿದಾರದಲ್ಲೇ ನೀರಿಗಿಳಿದೆ. "ಈ ವಯಸ್ಸಿಗೆ ಬೇಕಿತ್ತೇನೇ ಇದು?" ಅಂದರು ನಮ್ಮವರು, ದಡದಲ್ಲಿ ಕೂತು. ಕೈ ಹಿಡಿದಿದ್ದ ಹುಡುಗ, "ಚೇಚಿ, ಬಾಯಲ್ಲೇ ಉಸಿರಾಡಿ. ಹವಳದ ಮೇಲೆ ಮಾತ್ರ ಕಾಲೂರಬೇಡಿ" ಅಂದ. ಎದೆ ಡವಡವ. ಮುಖ ನೀರಿಗಿಟ್ಟೆ ನೋಡಿ, ಭಯವೆಲ್ಲ ಎಲ್ಲಿ ಹೋಯಿತೋ!

ಜಿಂಕೆ ಕೊಂಬಿನಂಥ ಹವಳ, ಹೂಕೋಸಿನಂಥ ಹವಳ. ಹಳದಿ ಚಿಟ್ಟೆಮೀನುಗಳು ಜೋಡಿಜೋಡಿಯಾಗಿ, ಮದುವೆ ಮನೆಗೆ ಹೊರಟ ಗಂಡ-ಹೆಂಡಿರ ಹಾಗೆ. ಗಿಳಿಯ ಕೊಕ್ಕಿನಂಥ ಬಾಯಿರುವ ಹಸಿರು-ನೀಲಿ ಮೀನೊಂದು ಬಂಡೆಯ ಪಾಚಿ ಕೆರೆದು ತಿನ್ನುತ್ತಿತ್ತು. ಹುರಿಗಡಲೆ ಅಗಿದಂಥ ಆ ಕಟಕಟ ಸದ್ದು ನೀರೊಳಗೂ ಕೇಳಿಸಿತು. ಪಾಚಿಯ ಜೊತೆ ಹೊಟ್ಟೆ ಸೇರಿದ ಹವಳದ ಕಲ್ಲು ಪುಡಿಯಾಗಿ ಮರಳಾಗಿ ಹೊರಬೀಳುತ್ತದಂತೆ. ನಾವು ಮೆಚ್ಚಿ ಓಡಾಡಿದ ಬಿಳಿ ಮರಳಿನಲ್ಲಿ ಅದರದ್ದೂ ಪಾಲಿದೆ!

ಸ್ವಲ್ಪ ಮುಂದೆ ಬಣ್ಣವೇ ಇಲ್ಲ. ಎಲ್ಲಾ ಬೂದು, ಸುಣ್ಣದ ಕಲ್ಲಿನ ರಾಶಿ. ಹವಳವೆಂದರೆ ಪುಟ್ಟ ಪುಟ್ಟ ಜೀವಿಗಳ ಸಂಸಾರ. ಅವುಗಳ ಮೈಯೊಳಗಿರುವ ಸೂಕ್ಷ್ಮ ಪಾಚಿಯೇ ಅವಕ್ಕೆ ಊಟ, ಬಣ್ಣ ಎರಡನ್ನೂ ಕೊಡುವುದು. ಸಮುದ್ರ ಹೆಚ್ಚು ಬಿಸಿಯಾದರೆ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ಬಿಸಿ ತಗ್ಗದಿದ್ದರೆ ಸತ್ತೇ ಹೋಗುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಹೀಗಾಯಿತು.

ಸಂಜೆ ಊರೊಳಗೆ ಹೋದಾಗ ಹೆಂಗಸರು ಬಾವಿಯಿಂದ ನೀರು ಸೇದುತ್ತಿದ್ದರು. ಸುತ್ತ ಉಪ್ಪುನೀರು, ನಡುವೆ ಮಳೆಯಿಂದ ಇಂಗಿದ ಒಂದಿಷ್ಟು ಸಿಹಿನೀರು. ಅಲೆಗಳನ್ನು ಹೊರಗೇ ತಡೆಯುವ ಗೋಡೆ ಅದೇ ಹವಳದ ದಿಬ್ಬ. ಗೋಡೆ ಸವೆದು ಕಡಲು ಒಳನುಗ್ಗಿದರೆ ಆ ಬಾವಿಗಳ ಗತಿಯೇನು? ನಮ್ಮ ಹಿತ್ತಲ ಬಾವಿ ನೆನಪಾಗಿ ಹೊಟ್ಟೆಯಲ್ಲಿ ಕಸಿವಿಸಿ.

ಹೋಗುವವರು ಮೊದಲೇ ಪರವಾನಗಿ ಮಾಡಿಸಬೇಕು. ಮಳೆಗಾಲ ಬೇಡ. ದಡದಲ್ಲಿ ಬಿದ್ದ ಹವಳದ ತುಂಡನ್ನು ಷೋಕೇಸಿಗೆಂದು ತರುವ ಆಸೆಯೂ ಬೇಡ, ವನ್ಯಜೀವಿ ಕಾಯಿದೆಯ ಪ್ರಕಾರ ಅದು ಅಪರಾಧ. ನಾನು ತಂದದ್ದು ಎರಡು ಡಬ್ಬಿ ದ್ವೀಪದ ತೆಂಗಿನ ಬೆಲ್ಲ, ಅಷ್ಟೆ.